ಮೂವತ್ತೊಂದು ಮನೆ, ಒಂದೇ ಗೀಟು

ಫೆಬ್ರವರಿ 4, ಬೆಳಿಗ್ಗೆ 7.10

ಉಬ್ಬರ 1.12 ಮೀಟರ್. ಗಾಳಿ ಇಲ್ಲ. ಅಳತೆ ಹಲಗೆಯ ನೆತ್ತಿ ಮೇಲೆ ಕೊಕ್ಕರೆ. ಓಡಿಸಿ ಓದಬೇಕಾಯ್ತು. ದಿನಾ ಬರುತ್ತೆ. ಹಾಜರಿ ಪುಸ್ತಕ ಇಟ್ಟರೆ ಸಹಿಯೂ ಹಾಕೀತು.

ಹತ್ತೊಂಬತ್ತು ವರ್ಷ ಇದೇ ಕೆಲಸ. ನೀರು ಓದು, ಬರಿ. ದಡ ಅಳೆ, ನಕ್ಷೆ ಮಾಡು, ಸಾಹೇಬರ ಟೇಬಲ್ ಮೇಲಿಡು. ಕನ್ನಡ ಮೀಡಿಯಂ ಬಿ.ಎ. ದಡ ಅಳೆಯೋಕೆ ಹೇಗೆ ಬಂದ ಅಂತ ಕೇಳುವವರಿಗೆ ಉತ್ತರ ರೆಡಿ ಇದೆ — ಅಲ್ಲಿ ಪದ್ಯದ ಮಾತ್ರೆ ಎಣಿಸ್ತಿದ್ದೆ, ಇಲ್ಲಿ ಸೆಂಟಿಮೀಟರ್ ಎಣಿಸ್ತೀನಿ. ಎರಡರಲ್ಲೂ ಒಂದು ಹೆಚ್ಚಾದರೆ ಕೆಟ್ಟಿತು.

ಈ ವರ್ಷ ದೊಡ್ಡ ಯೋಜನೆ. ಬಿರುಗಾಳಿಗೆ ಸಮುದ್ರ ಉಬ್ಬಿ ಊರೊಳಗೆ ನುಗ್ಗದ ಹಾಗೆ ಮಣ್ಣಿನ ಒಡ್ಡು. ಒಡ್ಡಿನ ಮುಂದೆ, ಸತ್ತುಹೋದ ಕಾಂಡ್ಲ ಕಾಡನ್ನು ಮತ್ತೆ ಎಬ್ಬಿಸೋದು. ಕಡತದಲ್ಲಿ ಮ್ಯಾಂಗ್ರೋವ್, ಬಾಯಲ್ಲಿ ಕಾಂಡ್ಲ. ಉಪ್ಪು ನೀರಲ್ಲೇ ಬೇರೂರಿ ನಿಲ್ಲೋ ಗಿಡ.

ಪ್ರಶ್ನೆ ಒಂದೇ. ಒಡ್ಡು ಎಲ್ಲಿ? ಸಮುದ್ರದ ಎದುರಿಗೇ ಇರೋ ಮುಂದಿನ ಸಾಲಿನ ಮನೆಗಳ ಮುಂದೆಯೋ, ಹಿಂದೆಯೋ? ಮುಂದೆ ಬಂದರೆ ಮೂವತ್ತೊಂದು ಮನೆ ಉಳಿಯುತ್ತೆ, ಕಾಡಿಗೆ ಸಿಗೋದು ಹನ್ನೆರಡು ಮೀಟರ್ ಪಟ್ಟಿ. ಹಿಂದೆ ಹೋದರೆ ಕಾಡಿಗೆ ತೊಂಬತ್ತು ಮೀಟರ್, ಮನೆಯವರು ಶಾಲೆ ಹಿಂದಿನ ದಿಣ್ಣೆಗೆ.

ಏಳನೇ ಮನೆ ಅಕ್ಕನದು. ನಾನು ಹುಟ್ಟಿದ್ದೂ ಅಲ್ಲೇ.

ಸಾಹೇಬರ ಲೆಕ್ಕ ಸರಳ. ಮೂವತ್ತೆಂಟು ವರ್ಷದ ಹಿಂದಿನ ದೊಡ್ಡ ನೀರು ಎಷ್ಟು ಎತ್ತರ ಬಂದಿತ್ತು? 2.40 ಒಳಗಿದ್ದರೆ ಒಡ್ಡು ಮನೆ ಮುಂದೆ. ದಾಟಿದರೆ ಹಿಂದೆ. ಅದಕ್ಕಿಂತ ಎತ್ತರದ ಒಡ್ಡಿಗೆ ಬುಡ ಅಗಲ ಬೇಕು, ಮನೆ ಮುಂದೆ ಅಷ್ಟು ಜಾಗ ಇಲ್ಲ.

ಗೀಟು ಎಳೆದವನಿಗೆ ಸೀಟು, ಗೀಟಿನಾಚೆಯವನಿಗೆ ಏಟು. — ಬಸ್ಸಿನಲ್ಲಿ ಹೊಳೆದದ್ದು. ಕಚೇರಿಯಲ್ಲಿ ಹೇಳೋ ಹಾಗಿಲ್ಲ.


ಫೆಬ್ರವರಿ 6

ಇಡೀ ದಿನ ಮುಂದಿನ ಸಾಲಿನಲ್ಲಿ. ಪ್ರತಿ ಮನೆಯ ಬಾಗಿಲ ಪಕ್ಕ, ಹೊರಗೋಡೆ ಮೇಲೆ, ಒಂದು ನೀಲಿ ಗೀಟು ಇದೆ. ಆ ವರ್ಷ ನೀರು ನಿಂತ ಎತ್ತರ. ನಾನು ಚಿಕ್ಕಂದಿನಿಂದ ನೋಡ್ತಿರೋದು. ಈವರೆಗೆ ಯಾರೂ ಅಳತೆ ಹಿಡಿದಿರಲಿಲ್ಲ. ಬಂದರಿನ ಕಲ್ಲಿನ ಮೇಲಿರೋ ಹಿತ್ತಾಳೆ ಗುಂಡಿ ನೆಲದ ಅಳತೆಗೆ ಸೊನ್ನೆ; ಉಬ್ಬರದ ಹಲಗೆಯ ಸೊನ್ನೆ ಬೇರೆ, ಇನ್ನೂ ಕೆಳಗೆ. ಅಲ್ಲಿಂದ ಲೆವೆಲ್ ಮಿಷನ್ನಿನಲ್ಲಿ ಮಟ್ಟ ತಂದು ಒಂದೊಂದೇ ಓದಿದೆ. 1.94. 1.95. 1.95. 1.93. 1.96...

ಮೂವತ್ತೊಂದು ಮನೆ. ಕನಿಷ್ಠಕ್ಕೂ ಗರಿಷ್ಠಕ್ಕೂ ನಡುವೆ ಮೂರೇ ಸೆಂಟಿಮೀಟರ್. ಇಷ್ಟು ಚೊಕ್ಕ ಅಳತೆ ಸರ್ವಿಸ್‌ನಲ್ಲೇ ಸಿಕ್ಕಿಲ್ಲ. ಎದೆ ಉಬ್ಬಿತು, ಸುಳ್ಳು ಯಾಕೆ.

ಅಕ್ಕ ಹೊಲಿಗೆ ಮಿಷನ್ ಹಿಂದಿನಿಂದ ನೋಡ್ತಿದ್ದಳು. ಮುಂದಿನ ಕೋಣೆಯೇ ಅವಳ ಅಂಗಡಿ. ದಡದ ರಸ್ತೆಯಲ್ಲಿ ಹೋಗೋರ ಪ್ಯಾಂಟಿನ ತುದಿ, ರವಿಕೆಯ ತೋಳು, ಎಲ್ಲ ಅವಳ ಕೈಲಿ.

"ಕೋಲು ಹಿಡ್ಕೊಂಡು ಬರೋಕೆ ಪುರುಸೊತ್ತಿದೆ. ಸುಮ್ನೆ ಬರೋಕೆ ಇಲ್ಲ," ಅಂದಳು.

"ಸರ್ಕಾರಿ ಕೆಲಸ ಅಕ್ಕ."

"ಸರ್ಕಾರಕ್ಕೆ ಕಾಫಿ ಬೇಕಾ?"

ಕುಡಿದೆ. 2.40ರ ಲೆಕ್ಕ ಹೇಳಿದೆ. ಗೀಟು ಎಷ್ಟು ಬಂತು ಅಂತ ಕೇಳಿದಳು. 1.95 ಅಂದೆ. ಹಲ್ಲಲ್ಲಿ ದಾರ ಕಚ್ಚಿಕೊಂಡೇ ತಲೆ ಆಡಿಸಿದಳು. ನಗಲಿಲ್ಲ. ನಗ್ತಾಳೆ ಅಂದುಕೊಂಡಿದ್ದೆ.


ಫೆಬ್ರವರಿ 11

ಮೀಟಿಂಗ್. ಸಾಹೇಬರಿಗೆ ಖುಷಿ. "ಮೂವತ್ತೊಂದು ಸಾಕ್ಷಿ, ಒಂದೇ ಮಾತು. ಕೋರ್ಟಲ್ಲೂ ಇಂಥದ್ದು ಸಿಗಲ್ಲ." ಒಡ್ಡು ಮನೆಗಳ ಮುಂದೆ. ಕೆಂಪು ಪೆನ್ಸಿಲ್ ನನ್ನ ಕೈಗೇ ಕೊಟ್ಟರು. ನಕ್ಷೆ ಮೇಲೆ ಗೀಟು ನಾನೇ ಎಳೆದೆ.

ಗಿಡಗಳ ಕೆಲಸ ನೋಡೋ ಮೇಡಂ ಮೂಲೆಯಲ್ಲಿದ್ದರು. ಹೋದ ವರ್ಷ ಬಂದವರು. ನಾವಿಟ್ಟ ಹೆಸರು ಕೆಸರಮ್ಮ. ಅವರಿಗೂ ಗೊತ್ತು, ಬೇಜಾರಿಲ್ಲ. ಸಹಿ ಮಾತ್ರ ಬೇರೆ ಹಾಕ್ತಾರೆ. ನನ್ನ ಪಟ್ಟಿಯನ್ನ ಬೆರಳಲ್ಲಿ ಓದುತ್ತಾ ಕೊನೆವರೆಗೂ ಹೋದರು. ವಾಪಸ್ ಬಂದರು.

"ಅಲೆ ನೇರ ಬಡಿಯೋ ಮನೆಗೂ 1.95, ಮೂಲೇಲಿ ಬಚ್ಚಿಟ್ಟುಕೊಂಡಿರೋ ಮನೆಗೂ 1.95. ನಿಮ್ಮ ಸಮುದ್ರಕ್ಕೆ ಬಹಳ ಶಿಸ್ತು."

ಎಲ್ಲರೂ ನಕ್ಕರು. ನಾನು ಎಲ್ಲರಿಗಿಂತ ಜೋರಾಗಿ.


ಫೆಬ್ರವರಿ 13

ಸುದ್ದಿ ಸಾಲಿಗೆ ನನಗಿಂತ ಮುಂಚೆ ಹೋಗಿದೆ. ಬಸ್ ಇಳಿದ ತಕ್ಷಣ ಮೂರು ಮನೆಯವರು ಕೂರಿಸಿ ಬಿಸ್ಕತ್ತು ತಿನ್ನಿಸಿದರು. ಒಂಬತ್ತನೇ ಮನೆಯವರು ಹಿಂದೆ ಒಂದು ಕೋಣೆ ಎಬ್ಬಿಸೋಕೆ ಇಟ್ಟಿಗೆ ಇಳಿಸಿಕೊಂಡಿದ್ದಾರೆ. ಎಂಟನೇ ಮನೆ ಸೊಸೆಗೆ ದಿನ ತುಂಬಿದೆ. "ಅಣ್ಣ, ನಮ್ಮ ಪಾಪು ಇಲ್ಲೇ ಅಂಬೆಗಾಲಿಡುತ್ತೆ, ನಿಮ್ಮಿಂದ," ಅಂದಳು.

ನನ್ನಿಂದ ಅಲ್ಲಮ್ಮ, ಗೀಟಿನಿಂದ — ಅಂದೆ. ವಿನಯಕ್ಕೆ ಹೇಳಿದ್ದು.

ಮನೆಗೆ ಬಂದು ಇವಳಿಗೆ ಹೇಳಿದೆ. ನನ್ನ ಹೆಂಡತಿ ಗಣಿತದ ಟೀಚರ್. ಹೊಗಳಿಕೆಯನ್ನೂ ಭಿನ್ನರಾಶಿಯಲ್ಲಿ ಕೊಡೋಳು. "ಮುಕ್ಕಾಲು ಪಾಲು ಅದೃಷ್ಟ. ಕಾಲು ಪಾಲು ನೀವು." ಒಪ್ಪಿದೆ.


ಫೆಬ್ರವರಿ 20

ಇಳಿತದ ಹೊತ್ತು ಕೆಸರಮ್ಮನ ಜೊತೆ ಕೆಸರಿಗೆ ಇಳಿದೆ. ಬಲಗಾಲು ವಾಪಸ್ ಬಂತು, ಬೂಟು ಬರಲಿಲ್ಲ.

ಕಾಂಡ್ಲ ಸತ್ತದ್ದು ಕಡಿದಿದ್ದರಿಂದ ಅಂತ ನಾನು ಅಂದುಕೊಂಡಿದ್ದೆ. ಅಲ್ಲವಂತೆ. ರಸ್ತೆ ಮಾಡೋವಾಗ ಹಳ್ಳದ ಬಾಯಿ ಮುಚ್ಚಿದರು. ಉಬ್ಬರದಲ್ಲಿ ಮೇಲೆ ಹತ್ತಿ ಬಂದ ನೀರು ಇಳಿತದಲ್ಲಿ ವಾಪಸ್ ಹೋಗೋಕೆ ದಾರಿ ಇಲ್ಲ. ನಿಂತ ನೀರಲ್ಲಿ ಬೇರು ಉಸಿರು ಕಟ್ಟಿ ಸತ್ತಿತು. "ನೆಂಟರ ಥರ. ಬಂದು ಹೋಗ್ತಿದ್ರೆ ಚೆಂದ. ಉಳಿದುಬಿಟ್ರೆ ಮನೆಯೋರು ಸಾಯ್ತಾರೆ," ಅಂದರು. ಆದ್ದರಿಂದ ಮೊದಲ ಕೆಲಸ ಗಿಡ ನೆಡೋದಲ್ಲ, ಹಳ್ಳದ ಬಾಯಿ ಬಿಡಿಸೋದು. ನೀರು ಆಡಿದರೆ ಬೀಜ ತಾವಾಗಿ ತೇಲಿ ಬಂದು ಕಚ್ಚಿಕೊಳ್ಳುತ್ತವೆ. ಐದು ವರ್ಷದ ಹಿಂದೆ ಯಾರೋ ಸಾವಿರಾರು ಸಸಿ ನೆಟ್ಟು ಫೋಟೋ ತೆಗೆಸಿಕೊಂಡಿದ್ದರು. ಸಸಿ ಒಂದೂ ಇಲ್ಲ. ಫೋಟೋ ನಮ್ಮ ಕಾರಿಡಾರಿನಲ್ಲಿ ಹಚ್ಚಗಿದೆ.

ಕೆಸರಿಗೆ ಕಾಲು, ಹೆಸರಿಗೆ ಶಾಲು.

ಹಿಂದಿರುಗೋವಾಗ ಕೇಳಿದೆ — ಹನ್ನೆರಡು ಮೀಟರ್ ಕಾಡು ಸಾಕಾ ಮೇಡಂ?

"ತೊಂಬತ್ತು ಇದ್ರೆ ಅಲೆ ಒಳಗೆ ಬರೋ ಹೊತ್ತಿಗೆ ಸುಸ್ತಾಗುತ್ತೆ. ಹನ್ನೆರಡು ಅಂದ್ರೆ ಅದರ ಮೂಗು ಚಿವುಟಿದ ಹಾಗೆ. ಆದ್ರೆ ನಿಮ್ಮ 1.95 ನಿಜ ಆಗಿದ್ರೆ ಸಾಕು. ನಿಜ ತಾನೇ?"

"ಮೂವತ್ತೊಂದು ಮನೆ ಮೇಡಂ."

"ಅದೇ ನನಗೆ ನಿದ್ದೆ ಕೆಡಿಸ್ತಿರೋದು. ಮೂವತ್ತೊಂದು ಗೋಡೆ ಹೀಗೆ ಒಂದೇ ಮಾತು ಹೇಳಬೇಕಾದ್ರೆ ಯಾರೋ ಹೇಳಿಕೊಟ್ಟಿರಬೇಕು."


ಫೆಬ್ರವರಿ 23, ಸಂಜೆ

ಯಾರು ಅಂತ ಗೊತ್ತಾಯ್ತು.

ಹನ್ನೆರಡನೇ ಮನೆ ಮುಂದೆ ಸುಣ್ಣದಜ್ಜ. ಎಂಬತ್ತರ ಹತ್ತಿರ. ಈ ಸಾಲಿಗೆ ಸುಣ್ಣ, ಬಣ್ಣ ಬಳಿಯೋದು ಅವನೊಬ್ಬನೇ, ನಾನು ಹುಟ್ಟೋಕೆ ಮುಂಚಿನಿಂದ. ಗೋಡೆ ಬೆಳ್ಳಗಾಗಿತ್ತು. ನೀಲಿ ಗೀಟು ಮಾಯ.

"ಅಜ್ಜ, ಗೀಟು ಅಳಿಸಿಬಿಟ್ಯಲ್ಲ."

"ಒಣಗಲಿ ತಡಿ. ಮತ್ತೆ ಹಾಕ್ತೀನಿ."

"ಎಲ್ಲಿಗೆ ಅಂತ ಹೇಗೆ ಗೊತ್ತಾಗುತ್ತೆ?"

ಡಬ್ಬಗಳ ಹಿಂದಿನಿಂದ ಒಂದು ಬಿದಿರು ಕೋಲು ತೆಗೆದ. ಕೈ ತಾಗಿ ತಾಗಿ ನಯವಾಗಿದೆ. ಬಾಗಿಲ ಹೊರಗಿನ ಮೆಟ್ಟಿಲುಕಲ್ಲಿನ ಮೇಲೆ ಊರಿದ, ತುದಿಯ ನೇರಕ್ಕೆ ನೀಲಿ ಗೀಟು ಎಳೆದ.

"ಎಲ್ಲ ಮನೆಗೂ ಇದೇ ಕೋಲಾ?"

"ಮತ್ತೆ? ಮನೆಗೊಂದು ಕೋಲು ಇಟ್ಕೊಂಡು ತಿರುಗಲಾ? ಸಾಲು ಕಟ್ಟಿದ್ದೇ ಒಂದು ಮಟ್ಟಕ್ಕೆ. ಎರಡು ಸಲ ಕೋಲು ಬದಲಾಗಿದೆ, ಉದ್ದ ಬದಲಾಗಿಲ್ಲ. ಬೇಕಾದ್ರೆ ನಿನ್ನ ಮಿಷನ್ ಇಟ್ಟು ನೋಡ್ಕೋ, ಎರಡು ಬೆರಳು ಆಚೀಚೆ ಇದ್ರೆ ಹೇಳು."

ನೋಡಿದ್ದೇನೆ ಅಜ್ಜ. ಇಲ್ಲ.

"ಮೊದಲನೇ ಕೋಲು ಎಲ್ಲಿಂದ ಬಂತು?"

"ನಿಮ್ಮಪ್ಪ ಕೊಟ್ಟ. ನಿಮ್ಮಕ್ಕನನ್ನ ನಿಲ್ಲಿಸಿ, ಅವಳ ಎದೆ ಮಟ್ಟಕ್ಕೆ ಮುರಿದು ಕೊಟ್ಟ. ನೀನು ಆಗ ಮೂಗು ಸೋರಿಸ್ಕೊಂಡು ಓಡಾಡ್ತಿದ್ದೆ."

ಅಂದರೆ ನನ್ನ ಮೂವತ್ತೊಂದು ಅಳತೆ ಅಂದರೆ ಒಂದು ಕೋಲು. ಮೂವತ್ತೊಂದು ಸಲ ಆ ಕೋಲನ್ನೇ ಅಳೆದು ಬಂದಿದ್ದೇನೆ. ಮಿಲಿಮೀಟರ್ ತಪ್ಪಿಲ್ಲ.


ಫೆಬ್ರವರಿ 24

ಅಕ್ಕನ ಹತ್ತಿರ ಹೋದೆ. ಭಾವ ಒಳಗೆ ದೋಣಿ ಎಂಜಿನ್ನಿನ ಯಾವುದೋ ಬಿಡಿಭಾಗ ಬಿಚ್ಚಿ ಕೂತಿದ್ದರು. ಭಾವ ಮಾತಾಡೋದು ವರ್ಷಕ್ಕೆ ಎರಡು ಸಲ. ಈ ವರ್ಷದ ಮೊದಲನೇದು ಇನ್ನೂ ಬಾಕಿ.

"ನೀರು ಎಲ್ಲಿವರೆಗೆ ಬಂದಿತ್ತು ಅಕ್ಕ?"

"ಗೀಟು ಇದೆಯಲ್ಲ."

"ಗೀಟು ಅಪ್ಪನದು. ನೀರಲ್ಲಿದ್ದವಳು ನೀನು."

ಮಿಷನ್ ನಿಲ್ಲಿಸಿದಳು. ಸೂಜಿಗೆ ದಾರ ಪೋಣಿಸಿದಳು, ಆಗಲೇ ಪೋಣಿಸಿದ್ದ ಸೂಜಿಗೆ.

ಅವತ್ತು ಮಧ್ಯಾಹ್ನ. ಅಪ್ಪ ಅಮ್ಮ ಇಬ್ಬರೂ ಮೀನು ಪ್ಯಾಕಿಂಗ್ ಶೆಡ್ಡಿನಲ್ಲಿ, ಊರಿನ ಆ ಕೊನೆ. ಮನೇಲಿ ನಾವಿಬ್ಬರೇ. ಅವಳಿಗೆ ಹದಿನಾರು, ನನಗೆ ಎಂಟು. ಬಾಗಿಲು ನೀರಿನ ಒತ್ತಡಕ್ಕೆ ತೆಗೆಯೋಕೆ ಆಗಲಿಲ್ಲ. ನನ್ನನ್ನ ಹೆಗಲ ಮೇಲೆ ಕೂರಿಸಿಕೊಂಡಳು. ಇಷ್ಟು ನನಗೂ ಗೊತ್ತು. ಕಣ್ಣು ಮುಚ್ಚಿ ಮಗ್ಗಿ ಹೇಳು, ಕಣ್ಣು ಬಿಟ್ಟರೆ ಬೀಳಿಸಿಬಿಡ್ತೀನಿ ಅಂದಿದ್ದಳು. ಹೇಳಿದೆ. ಹದಿಮೂರರ ಮಗ್ಗಿ ನನಗೆ ಬಂದದ್ದು ಅವತ್ತೇ. ಹಾಗಾಗಿ ನಾನು ಸಾಕ್ಷಿಗೆ ಪ್ರಯೋಜನ ಇಲ್ಲ.

ಗೊತ್ತಿಲ್ಲದ್ದು ಆಮೇಲಿನದು. ಮೂರನೇ ದಿನ ಜೀಪಿನಲ್ಲಿ ಅಧಿಕಾರಿಗಳು ಬಂದರಂತೆ. ಎದೆಗಿಂತ ಮೇಲೆ ನೀರು ಬಂದ ಮನೆಗಳನ್ನ ದಿಣ್ಣೆಗೆ ಸಾಗಿಸ್ತೀವಿ ಅಂದರಂತೆ. ಅಪ್ಪ ಮನೆ ಮನೆಗೆ ಹೋದ. ಎಲ್ಲರೂ 'ಎದೆವರೆಗೆ' ಅನ್ನಬೇಕು ಅಂತ ಒಪ್ಪಂದ.

"ಯಾರ ಎದೆ ಅಂತ ಕೇಳಿದ್ರು ಅವರು. ಅಪ್ಪ ನನ್ನ ತಂದು ನಿಲ್ಲಿಸಿದ. ಸಾಲಿನಲ್ಲೆಲ್ಲ ಕುಳ್ಳಿ ನಾನೇ ಅಲ್ವಾ."

ನಗು ಬಂತು. ಇಬ್ಬರಿಗೂ. ನಗಬಾರದಿತ್ತು.

"ಬೇರೆ ಮನೆಯೋರಿಗೆ ಗೊತ್ತಿರಲಿಲ್ವಾ?"

"ಉಳಿದೋರೆಲ್ಲ ಬೆಳಿಗ್ಗೆನೇ ಬಾಗಿಲು ಹಾಕ್ಕೊಂಡು ಹೋಗಿದ್ರು. ನೀರು ತುದಿಗೇರಿದಾಗ ಸಾಲಿನಲ್ಲಿ ಇದ್ದದ್ದು ನಾವೇ. ಅವರು ಬಂದು ನೋಡಿದ್ದು ಇಳಿದ ನೀರು."

"ನಿಜವಾಗಿ ಎಲ್ಲಿವರೆಗಿತ್ತು?"

ಬೆರಳನ್ನ ಗಲ್ಲದ ಕೆಳಗೆ ಅಡ್ಡ ಹಿಡಿದಳು. "ಇಲ್ಲಿವರೆಗೆ."

ಭಾವ ಎದ್ದು ಹೊರಗೆ ಹೋದರು. ಕೈಗೆ ಹತ್ತಿದ ಗ್ರೀಸು ಒರೆಸಿಕೊಳ್ಳಲಿಲ್ಲ.


ಮಾರ್ಚ್ 2

ಉಬ್ಬರ 1.09. ಬೇರೆ ಏನೂ ಇಲ್ಲ.


ಮಾರ್ಚ್ 5

ಸಾಹೇಬರಿಗೆ ಹೇಳಿಲ್ಲ.


ಮಾರ್ಚ್ 8

"ಹತ್ತು ದಿನದಿಂದ ಪ್ರಾಸ ನಿಂತಿದೆ. ಜ್ವರಾನಾ?" ಅಂದಳು ಇವಳು, ಊಟಕ್ಕೆ ಕೂತಾಗ. ಎಲ್ಲ ಹೇಳಿಬಿಟ್ಟೆ. ಕೋಲು, ಎದೆ, ಗಲ್ಲ.

"ಸಾಹೇಬರಿಗೆ?"

"ಇನ್ನೂ ಇಲ್ಲ. ಅಕ್ಕನ ಮನೆ..."

"ಅಕ್ಕನ ಮನೆ ಉಳಿಸ್ತಿದ್ದೀರೋ, ನಿಮ್ಮ ಮುಖ ಉಳಿಸ್ತಿದ್ದೀರೋ?"

ಮೊಸರು ಬಡಿಸಿದಳು. ಉತ್ತರಕ್ಕೆ ಕಾಯಲಿಲ್ಲ. ಪರೀಕ್ಷೆ ಹಾಲಿನಲ್ಲೂ ಹೀಗೇ ಇರಬೇಕು. ಪ್ರಶ್ನೆಪತ್ರಿಕೆ ಇಟ್ಟು ಮುಂದಿನ ಬೆಂಚಿಗೆ ಹೋಗೋದು.


ಮಾರ್ಚ್ 9

ಹೇಳಿದೆ. ಕೆಸರಮ್ಮನೂ ಇದ್ದರು.

ಸಾಹೇಬರು ಬಹಳ ಹೊತ್ತು ಕನ್ನಡಕ ಒರೆಸಿದರು. ಬೈದರೆ ಹಗುರಾಗ್ತಿತ್ತು. ಬೈಯಲಿಲ್ಲ. ಪೆನ್ಸಿಲ್ ತಗೊಂಡರು.

"ಹಳೇ ನೆಲ ಸೊನ್ನೆಯಿಂದ ಎಷ್ಟು ಎತ್ತರ?"

"ಅಂದಾಜು 0.86 ಸರ್. ಈಗ ಮೇಲೆ ಎರಡು ನೆಲ ಹಾಕಿದ್ದಾರೆ."

"ನಿಮ್ಮಕ್ಕ?"

"1.52."

ಕೂಡಿಸಿದರು. ಮುಖ ಅರಳಿತು. "ಅಲ್ರೀ, 2.40 ಅಂದ್ರೆ ಹೆಚ್ಚುಕಮ್ಮಿ ನಿಮ್ಮಕ್ಕನ ನೆತ್ತಿ. ನೆತ್ತಿ ಮುಳುಗಿದ್ರೆ ಅವರು ಇವತ್ತು ಬ್ಲೌಸ್ ಹೊಲೀತಾ ಇರ್ತಿರಲಿಲ್ಲ. ಗಲ್ಲ ಅಂದ್ರೆ 2.17. ಒಡ್ಡು ಸ್ವಲ್ಪ ಏರಿಸೋಣ. ಮನೆ ಉಳಿಯುತ್ತೆ. ಗೀಟು ಅಲ್ಲೇ ಇರುತ್ತೆ."

ಅವರು ಕೆಟ್ಟವರಲ್ಲ. ಸಾಲಿನವರು ಉಳಿಯಲಿ ಅನ್ನೋದೇ ಅವರ ಆಸೆಯೂ. ನನ್ನದೂ. ನಿಟ್ಟುಸಿರು ಒಂದೇ ಸಲ ಬಿಟ್ಟೆವು.

ಕೆಸರಮ್ಮ ಮಾತ್ರ — "ಅಂದಾಜು ಬೇಡ ಸರ್. ಒಂದು ಸಲ ಅಂದಾಜಿಗೆ ಬಿದ್ದಾಯ್ತು. ಆ ಮನೆಯ ನೆಲ ಅಗೆದು ಹಳೇ ನೆಲ ತೆಗೀರಿ. ಅವರು ಅದರ ಮೇಲೆ ನಿಂತು ಕೈ ಇಟ್ಟು ತೋರಿಸಲಿ. ಸಾಲಿನವರ ಎದುರಿಗೆ."

ಸಾಹೇಬರು ಒಪ್ಪಿದರು. ಹದಿನಾಲ್ಕನೇ ತಾರೀಕು, ಮಧ್ಯಾಹ್ನ ಮೂರಕ್ಕೆ.


ಮಾರ್ಚ್ 11

ಅಕ್ಕ ಚಿಕ್ಕದೇನೋ ಹೊಲಿತಿದ್ದಳು. ಎಂಟನೇ ಮನೆಗೆ ಹೆಣ್ಣು ಮಗು. ತೊಟ್ಟಿಲಿಗೆ ಬಟ್ಟೆ.

ನೆಲ ಅಗೀತೀವಿ ಅಂದೆ. "ಅಗಿ. ಈ ಟೈಲ್ಸ್ ನನಗೂ ಇಷ್ಟ ಇರಲಿಲ್ಲ," ಅಂದಳು. 2.17, 2.40, ನೆತ್ತಿ, ಎಲ್ಲ ಹೇಳಿದೆ. ಗಲ್ಲ ಅಂದರೆ ಸಾಲು ಉಳಿಯುತ್ತೆ ಅಂದೆ. ಕೇಳಿಸಿಕೊಂಡಳು. ದಾರ ಕತ್ತರಿಸಿ —

"ಒಡ್ಡು ಮನೆ ಮುಂದೆ ಹಾಕಿದ್ರಿ. ನೀರು ಅದಕ್ಕಿಂತ ಎತ್ತರ ಬಂತು ಅಂದ್ಕೋ. ಆಗ?"

"ಹತ್ತಿ ಒಳಗೆ ಬರುತ್ತೆ."

"ಬಂದದ್ದು?"

"ವಾಪಸ್ ಹೋಗೋಕೆ ಒಡ್ಡೇ ಅಡ್ಡ."

"ಒಡ್ಡು ಇಲ್ಲದೆ ಇದ್ರೆ?"

"ಇಳಿತಕ್ಕೆ ಹೋಗಿರುತ್ತೆ. ಅವತ್ತು ಹೋಯ್ತಲ್ಲ."

"ಹೂಂ. ಅವತ್ತು ಹೋಯ್ತು."

ತೊಟ್ಟಿಲ ಬಟ್ಟೆಯನ್ನ ಬೆಳಕಿಗೆ ಹಿಡಿದು ನೋಡಿದಳು. ಹೊಲಿಗೆ ನೆಟ್ಟಗಿತ್ತು. ಆದರೂ ಬಿಚ್ಚೋಕೆ ಶುರು ಮಾಡಿದಳು.

"ಯಾಕೆ?"

"ಚಿಕ್ಕದಾಯ್ತು. ಬಟ್ಟೆ ಉಳಿಸೋಣ ಅಂತ ಚಿಕ್ಕದಾಗಿ ಹೊಲಿದ್ರೆ ಮಗು ಕುಗ್ಗುತ್ತಾ?"


ಮಾರ್ಚ್ 13

ದಿಣ್ಣೆ ನೋಡಬೇಕು ಅಂದಳು. ಕರೆದುಕೊಂಡು ಹೋದೆ. ಶಾಲೆ ಹಿಂದೆ, ಒಣ ಹುಲ್ಲು, ಅಳತೆಗೆ ನೆಟ್ಟ ಗೂಟಗಳು. ಗೂಟದ ಸಾಲಿನಲ್ಲಿ ನಡೆದು ಏಳನೇದರ ಹತ್ತಿರ ನಿಂತಳು. ಎಣಿಸಿದ್ದು ನಾನು ನೋಡಿದೆ.

"ಇಲ್ಲಿಂದ ಸಮುದ್ರ ಕಾಣಲ್ಲ."

"ಸದ್ದು ಕೇಳುತ್ತೆ."

"ಸದ್ದಿಗೆ ಪ್ಯಾಂಟ್ ಹೊಲೀಲಾ? ಇಲ್ಲಿ ಯಾರು ಬರ್ತಾರೆ, ಆಡುಗಳಾ?"

ಯಾವ ಕಡೆಯಿಂದ ರಸ್ತೆ ಬರಬಹುದು ಅಂತ ಕೇಳಿದಳು. ತೋರಿಸಿದೆ. ಬಾಗಿಲು ಆ ಕಡೆಗೆ ಇದ್ದರೆ ಗಿರಾಕಿಗೆ ಕಾಣುತ್ತೆ ಅಂದಳು. ಅಕ್ಕ, ಇದು ಬೇಕಾಗಲ್ಲ, ನಾಳೆ ಗಲ್ಲ ತೋರಿಸಿದರೆ ಮುಗೀತು ಅಂದೆ. "ನೋಡೋಕೆ ದುಡ್ಡು ಕೊಡಬೇಕಾ?" ಅಂದಳು.

ಹಿಂದಿರುಗೋವಾಗ ನನ್ನ ತೋಳು ಹಿಡಿದಿದ್ದಳು. ಅವಳು ಹಾಗೆಲ್ಲ ಹಿಡಿಯೋಳಲ್ಲ. ಇಳಿಜಾರು ಅಂತ ಅಂದುಕೊಂಡೆ.


ಮಾರ್ಚ್ 14, ಸಂಜೆ 6.20

ಕಚೇರಿಯಲ್ಲೇ ಬರೀತಿದ್ದೇನೆ. ಅಂಗೈಯಲ್ಲಿ ಇನ್ನೂ ಸಿಮೆಂಟ್ ಪುಡಿ.

ಬೆಳಿಗ್ಗೆಯೇ ಅಗೆದಿದ್ದರು. ಕೋಣೆಯ ಮಧ್ಯೆ ಇಬ್ಬರು ನಿಲ್ಲುವಷ್ಟು ಚೌಕ. ಮೇಲೆ ಟೈಲ್ಸ್. ಅದರ ಕೆಳಗೆ ಕೆಂಪು ಸಿಮೆಂಟ್, ಅಮ್ಮ ಹಾಕಿಸಿದ್ದು. ಅದರ ಕೆಳಗೆ ಮರಳು, ಚಿಪ್ಪು. ಆಮೇಲೆ ಕಪ್ಪು ಕಲ್ಲು. ನಾನು ತೆವಳಿದ ನೆಲ. ಲೆವೆಲ್ ಇಟ್ಟೆ. 0.86. ಅಂದಾಜು ಸರಿ ಇತ್ತು. ಆ ಹೊತ್ತಿಗೆ ಅದೇ ಖುಷಿ.

ಮೂರಕ್ಕೆ ಸಾಹೇಬರು, ಕೆಸರಮ್ಮ. ಬಾಗಿಲಲ್ಲಿ, ಕಿಟಕಿಯಲ್ಲಿ ಸಾಲಿನವರು. ಸುಣ್ಣದಜ್ಜನಿಗೆ ಕುರ್ಚಿ. ಎಂಟನೇ ಮನೆ ಸೊಸೆ ಮಗುವನ್ನ ಎತ್ತಿಕೊಂಡು ಮುಂದೆಯೇ. ಕೋಲಿನ ವಿಷಯ ಎಲ್ಲರಿಗೂ ಗೊತ್ತಾಗಿದೆ. ಆದರೂ ಯಾರ ಮುಖದಲ್ಲೂ ಗಾಬರಿ ಇಲ್ಲ. ನೆತ್ತಿಯ ಲೆಕ್ಕವನ್ನ ಸಾಹೇಬರೇ ವಿವರಿಸಿದ್ದರು. "ಹದಿನಾರರಲ್ಲಿ ಇಷ್ಟೇ ಎತ್ತರ ಇದ್ರಾ?" ಅಂತ ಅಕ್ಕನನ್ನ ಕೇಳಿದರು.

"ಇಷ್ಟೇ. ಆಮೇಲೆ ಬೆಳೆದದ್ದು ನಾಲಿಗೆ ಮಾತ್ರ."

ಎಲ್ಲರೂ ನಕ್ಕರು. ಚಪ್ಪಲಿ ಬಿಟ್ಟು ಕೆಳಗಿಳಿದಳು. ಕಪ್ಪು ಕಲ್ಲಿನ ಮೇಲೆ ಎರಡು ಪಾದ ಜೋಡಿಸಿ ನಿಂತಳು. ಬೆರಳನ್ನ ಗಲ್ಲದ ಕೆಳಗೆ ಅಡ್ಡ ಹಿಡಿದಳು. ನಾನೂ ಇಳಿದು, ಸ್ಟಾಫ್ ಅನ್ನೋ ಅಳತೆಕೋಲಿನ ಬುಡವನ್ನ ಅವಳ ಕಾಲ ಪಕ್ಕ ಊರಿ, ಬೆರಳಿನ ನೇರಕ್ಕೆ ಓದಿದೆ. 1.31. ಓದಿದವನು ಗಟ್ಟಿಯಾಗಿ ಹೇಳಬೇಕು, ಬರೆಯುವವನು ಮತ್ತೊಮ್ಮೆ ಹೇಳಿ ಬರೆಯಬೇಕು. ಅದು ಪದ್ಧತಿ. ಹೇಳಿದೆ. ಸಾಹೇಬರು ಹೇಳಿ ಬರೆದರು. ಕೂಡಿಸಿ 2.17 ಅಂದರು. ಬಾಗಿಲಲ್ಲಿ ಯಾರೋ ಚಪ್ಪಾಳೆ ತಟ್ಟಿದರು.

ಅಕ್ಕ ಮೇಲೆ ಬರಲಿಲ್ಲ.

"ಒಂದು ನಿಮಿಷ. ಮಿಷನ್ ಸ್ಟೂಲ್ ಕೊಡಿ," ಅಂದಳು.

ಸಾಹೇಬರು ಕುರ್ಚಿ ಕಡೆ ಕೈ ತೋರಿಸಿದರು. ಸುಸ್ತಾಗಿದೆ, ಕೂರೋಕೆ ಅಂದುಕೊಂಡರು. ನಾನೂ ಹಾಗೇ ಅಂದುಕೊಂಡೆ. ಭಾವ ಅಂದುಕೊಳ್ಳಲಿಲ್ಲ. ಗೋಡೆಗೆ ಒರಗಿ ನಿಂತಿದ್ದವರು ಮಿಷನ್ ಕಡೆಗೆ ಹೋದರು, ಸ್ಟೂಲ್ ಎತ್ತಿದರು, ಅವಳ ಮುಂದೆ ಕಲ್ಲಿನ ಮೇಲೆ ಇಟ್ಟರು. ಅಲ್ಲಾಡುತ್ತಾ ಅಂತ ಒತ್ತಿ ನೋಡಿದರು.

"ಹತ್ತು," ಅಂದರು. ಅಷ್ಟೇ.

ಅಕ್ಕ ಹತ್ತಿದಳು. ನನ್ನ ಹೆಗಲಿಗೆ ಕೈ ಊರಿ.

"ಅಮ್ಮನ ಸ್ಟೂಲು," ಅಂದಳು. ಯಾರಿಗೆ ಅಂತ ಇಲ್ಲದೆ. "ಅವತ್ತು ಇದರ ಮೇಲೆ ನಿಂತಿದ್ದೆ. ಇವನು ಹೆಗಲ ಮೇಲೆ. ನೀರು ಗಲ್ಲಕ್ಕೆ ಬಂದದ್ದು ಇದರ ಮೇಲೆ ನಿಂತಾಗ. ಅಪ್ಪನಿಗೂ ಹೇಳಿರಲಿಲ್ಲ. ಹೇಳಿದ್ರೆ ಇಲ್ಲಿ ಉಳೀತಿರಲಿಲ್ಲ ಅವನು, ನನಗೆ ಈ ಮನೆ ಬೇಕಿತ್ತು."

ಬೆರಳನ್ನ ಗಲ್ಲದ ಕೆಳಗೆ ಅಡ್ಡ ಹಿಡಿದಳು. ಈಗ ಅದು ನನ್ನ ತಲೆಗಿಂತ ಮೇಲಿತ್ತು.

ಕಿಟಕಿಯಿಂದ ಒಂದು ಗಂಡಸು ದನಿ — "ಇಷ್ಟು ವರ್ಷ ಆದ್ಮೇಲೆ ಯಾಕಮ್ಮ ಇದು? ಮುಗಿದಿತ್ತಲ್ಲ." ಒಂಬತ್ತನೇ ಮನೆಯವರು. ಇಟ್ಟಿಗೆ ಇಳಿಸಿಕೊಂಡವರು.

ಅಕ್ಕ ಆ ಕಡೆ ನೋಡಲಿಲ್ಲ. ಎಂಟನೇ ಮನೆ ಸೊಸೆಯನ್ನ ನೋಡಿದಳು. ಸೊಸೆ ಮಗುವಿನ ತಲೆಯನ್ನ ತನ್ನ ಹೆಗಲಿಗೆ ಸರಿಸಿಕೊಂಡಳು.

ಸ್ಟಾಫ್ ಊರಿದೆ. ಓದಿದೆ. ಹತ್ತೊಂಬತ್ತು ವರ್ಷದಲ್ಲಿ ಎಷ್ಟೋ ಸಾವಿರ ಅಂಕಿ ಗಟ್ಟಿಯಾಗಿ ಹೇಳಿದ್ದೇನೆ. ಸಾಹೇಬರು ಪೆನ್ನು ಹಿಡಿದು ಕಾಯ್ತಿದ್ದರು. ಅವರ ಪೆನ್ನು ಕಾಗದ ಮುಟ್ಟಿರಲಿಲ್ಲ. ಕೆಸರಮ್ಮ ನೆಲ ನೋಡ್ತಿದ್ದರು. ಅವರಿಗೆ ತೊಂಬತ್ತು ಮೀಟರ್ ಸಿಗ್ತಿತ್ತು, ಮುಖದಲ್ಲಿ ಅದರ ಸುಳಿವೇ ಇರಲಿಲ್ಲ.

"ಹೇಳೋ," ಅಂದಳು ಅಕ್ಕ ಮೇಲಿನಿಂದ. "ಕೈ ನೋವಾಗ್ತಿದೆ."

ಕೋಲನ್ನ ಇನ್ನೊಮ್ಮೆ ಓದಿದೆ. ಅದೇ ಅಂಕಿ.

"ಜೋರಾಗಿ ಹೇಳು. ಹೊರಗಿರೋರಿಗೂ ಕೇಳಬೇಕು."

ಹೇಳಿದೆ. ಒಂದು ಪಾಯಿಂಟ್ ಏಳು ಆರು. ಸಾಹೇಬರು ಮತ್ತೊಮ್ಮೆ ಹೇಳಿ ಬರೆದರು, ಕೂಡಿಸಿದರು: 2.62.